ಎರವಲು ಹೋದ ಓದು

ಆ ವರ್ಷ ಶ್ರಾವಣದ ಎರಡನೆಯ ದಿನ ಕಂಚಿಹಾಳದ ಚನ್ನಮಲ್ಲಯ್ಯ ಮಾಸ್ತರರ ಓದು ಹೊರಗೆ ಹೋದದ್ದು ತಿರುಗಿ ಬರಲಿಲ್ಲ.

ಕಣ್ಣಿಗೆ ಪೊರೆ ಬಂದಿರಲಿಲ್ಲ, ಮರೆವೂ ಬಡಿದಿರಲಿಲ್ಲ. ಮುಂಜಾನೆ ಒಂಬತ್ತಕ್ಕೆ ತಾವಾಗಿಯೇ ತಲೆ ಬಗ್ಗಿಸಿ ಟೋಪಿ ಹಾಕಿಸಿಕೊಂಡು, ತಮ್ಮೂರಿನ ಏಳನೆಯ ಇಯತ್ತೆಯ ದಾನಮ್ಮ ಎಂಬ ಹುಡುಗಿಗೆ ಅದನ್ನು ಎರವಲು ಕೊಟ್ಟಿದ್ದರು. ಸಂಜೆ ನಾಲ್ಕಕ್ಕೆ ಮರಳಿ ಪಡೆಯಬೇಕಾಗಿತ್ತು. ನಾಲ್ಕಾಯಿತು, ಐದೂ ಆಯಿತು. ದೀಪ ಹಚ್ಚುವ ಹೊತ್ತಿಗೆ ಮಠದಲ್ಲಿ ಊರ ಶರಣ ಬೇವಿನಜ್ಜನ ಪುರಾಣದ ಎರಡನೆಯ ಸಂಧಿ ಓದಬೇಕಾದ ಮನುಷ್ಯ ತಾಲೂಕಿನ ಊರಿನಲ್ಲಿ, ಓದಿನ ಕೇಂದ್ರದ ಕುರ್ಚಿಯ ಮೇಲೆ ಕುಳಿತು, ಎದುರಿನ ಗೋಡೆಯ ಫಲಕವನ್ನು ಮಿಕಿಮಿಕಿ ನೋಡುತ್ತಿದ್ದರು. ಫಲಕದ ಮೇಲಿನ ಅಕ್ಷರಗಳೆಲ್ಲ ಕಂಡ ಮುಖಗಳೇ. ಹೆಸರು ಮಾತ್ರ ಒಂದರದ್ದೂ ಬಾಯಿಗೆ ಬರುತ್ತಿರಲಿಲ್ಲ.

"ಜುಬೇದಾ, ಅಲ್ಲಿ ಏನು ಬರದೈತಿ?" ಎಂದು ಕೇಳಿದರು.

"ಶಾಂತವಾಗಿರಿ ಅಂತ ಬರದೈತ್ರಿ ಸರ," ಅಂದಳು ಜುಬೇದಾ ನದಾಫ.

ಇಷ್ಟಕ್ಕೆಲ್ಲ ಮೂಲ ಈ ಜುಬೇದಾಳೇ. ಮಾಸ್ತರರು ಮೂವತ್ತಾರು ವರ್ಷ ಕಲಿಸಿದ ಶಾಲೆಯಲ್ಲೇ ಅಕ್ಷರ ಕಲಿತು, ಮುಂದೆ ಮಿದುಳಿನ ವಿಜ್ಞಾನ ಓದಿ, ಹಾಳು ಬಿದ್ದ ಹತ್ತಿ ಮಿಲ್ಲಿನಲ್ಲಿ ಈ ಕೇಂದ್ರ ತೆರೆದವಳು. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದು ಕಲಿಸುವುದು ಅವಳ ಕೆಲಸ. ಬುದ್ಧಿ ಚುರುಕಾಗಿದ್ದೂ ಅಕ್ಷರದ ಮುಂದೆ ಮಾತ್ರ ತಡವರಿಸುವ ಮಕ್ಕಳು ಊರೂರಿಗೂ ಇರುತ್ತಾರೆ. ಅವಳು ಹೇಳುತ್ತಿದ್ದದ್ದು ಇಷ್ಟು: ಕಣ್ಣು ಕಂಡ ಅಕ್ಷರ ದನಿಯಾಗಬೇಕಾದರೆ ಮಿದುಳಿನೊಳಗೆ ಒಂದು ಕಾಲುದಾರಿ ಬೇಕು. ಕೆಲವರಿಗೆ ಆ ದಾರಿ ನೆಟ್ಟಗಿರುತ್ತದೆ, ಕೆಲವರಿಗೆ ಹೊಲ ಗದ್ದೆ ಸುತ್ತಿ ಹೋಗುತ್ತದೆ. ಸುತ್ತಿ ಬರುವವನು ಸೋಮಾರಿಯಲ್ಲ. ಅವನೇ ಹೆಚ್ಚು ನಡೆದವನು. ಅವಳು ಮಾಡಿದ ಟೋಪಿ ನೆಟ್ಟನೆಯ ದಾರಿಯೊಂದನ್ನು ಒಂದು ತಲೆಯಿಂದ ಇನ್ನೊಂದಕ್ಕೆ ಎರವಲು ಕೊಡಿಸುತ್ತಿತ್ತು. ನೆಟ್ಟನೆಯ ದಾರಿ ಹೇಗಿರುತ್ತದೆಂದು ಒಂದು ದಿನ ನಡೆದು ನೋಡಿದ ಮಗು ಮುಂದೆ ತನ್ನದನ್ನು ತಾನೇ ಸವೆಸಿಕೊಳ್ಳಲು ಕಲಿಯುತ್ತದೆ ಎಂಬುದು ಅವಳ ನಂಬಿಕೆ.

"ಕೊಟ್ಟಾವ್ರಿಗೆ ಅಷ್ಟೊತ್ತು ಓದು ಇರೂದಿಲ್ರಿ ಸರ," ಎಂದು ಮೊದಲೇ ಹೇಳಿದ್ದಳು. "ಬಾವಿ ಗಾಲಿಗೆ ಹಗ್ಗ ಒಂದ, ಕೊಡ ಎರಡು. ಒಂದು ಮ್ಯಾಲ ಬಂದ್ರ ಇನ್ನೊಂದು ಕೆಳಗ ಇಳೀಬೇಕು."

"ಊರಾಗ ಇಷ್ಟು ಮಂದಿ ಇರೂವಾಗ ನನ್ನ ಹಂತ್ಯಾಕ ಯಾಕ ಬಂದಿ?"

"ನಿಮ್ಮಷ್ಟು ಗಟ್ಟಿ ಓದು ಯಾರದೈತ್ರಿ ಸರ? ಮೂವತ್ತನಾಕು ಶ್ರಾವಣ ತಪ್ಪದ ಪುರಾಣ ಓದೀರಿ."

ಹೊಗಳಿಕೆಗೆ ಮಾಸ್ತರರು ಕರಗಿದ್ದು ಹೌದು. ಆದರೆ ಒಳಗೆ ಇನ್ನೊಂದು ಮುಳ್ಳೂ ಇತ್ತು. ಓದು ಬಾರದ ಹುಡುಗರನ್ನು ಅವರು ಶಾಲೆಯ ಗಂಟೆಯ ಕೆಳಗೆ ನಿಲ್ಲಿಸುತ್ತಿದ್ದರು. ಜುಬೇದಾಳ ಅಣ್ಣ ಮೌಲಾ ಒಂದು ವರ್ಷವೆಲ್ಲ ಅಲ್ಲೇ ನಿಂತ. ಆ ವರ್ಷ ಅವನು ಕಲಿತದ್ದು ಗಂಟೆಯ ನೆರಳು ನೋಡಿ ಹೊತ್ತು ಹೇಳುವುದನ್ನು ಮಾತ್ರ. ಜುಬೇದಾ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಮಾಸ್ತರರಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಆಷಾಢದಲ್ಲಿ ನಾಲ್ಕು ಸಲ ಕೊಟ್ಟು ತೆಗೆದುಕೊಂಡದ್ದು ಸಲೀಸಾಗಿ ನಡೆದಿತ್ತು. ಇವತ್ತು ದಾನಮ್ಮನಿಗೆ ಶಾಲೆಯಲ್ಲಿ ಸಮಾಜ ವಿಜ್ಞಾನದ ಪರೀಕ್ಷೆ, ಅದಕ್ಕೆಂದು ಐದನೆಯ ಸಲ. ಪರದೆಯ ಮೇಲೆ ಎರಡು ಗೆರೆ ಓಡುತ್ತಿದ್ದವು. ಮಾಸ್ತರರದು ಕೆರೆಯ ನೀರಿನಂತೆ ಸಮ. ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕುಳಿತ ದಾನಮ್ಮನದು ಮಾತ್ರ ಏರಿ ಇಳಿದು, ಏರಿ ಇಳಿದು, ಕುಣಿಯುತ್ತಲೇ ಇತ್ತು.

"ಕೊಡೂವಾಗ ಗೆರಿ ಹೆಂಗಿದ್ರೂ ನಡೀತೈತ್ರಿ," ಅಂದಳು ಜುಬೇದಾ. "ತಿರುಗಿ ಬರೂವಾಗ ಒಂದು ಉಸಿರು ಆಡೂವಷ್ಟು ಹೊತ್ತು ಸಮ ಆಗಬೇಕು. ಓದು ಮುಗದೈತಿ ಅಂತ ಮಿದುಳಿಗೆ ಗೊತ್ತಾಗಬೇಕು. ಈಕಿ ಪುಸ್ತಕ ಮುಚ್ಚಿ ಎರಡು ತಾಸಾತು, ಗೆರಿ ಮುಚ್ಚವಲ್ದು."

ಬಾಗಿಲ ಹತ್ತಿರ ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಮಾಸ್ತರರ ಹೆಂಡತಿ ನೀಲಮ್ಮ ತಲೆಯೆತ್ತಲಿಲ್ಲ. ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

"ಹೆಂಗ ಮುಗೀತೈತಿ ತಂಗಿ? ಶ್ರಾವಣ ಅಲ್ಲ? ಈ ಮನಷ್ಯಾ ಶ್ರಾವಣದಾಗ ಓದು ಮುಗಸೂದ ಇಲ್ಲ. ದಿನಾ ಸಂಧಿ ಮುಗದ ಮ್ಯಾಲ ನಾಳಿನ ಸಂಧಿದು ಎರಡು ಸಾಲು ಓದಿ ನಿಲ್ಲಸ್ತಾರ. ಪುರಾಣ ಹರೀಬಾರದಂತ, ಎಳಿ ಹಿಡದಿರಬೇಕಂತ. ನಿದ್ದ್ಯಾಗೂ ಆ ಎರಡು ಸಾಲು ಗೊಣಗತಾರ. ಮಂಗಳ ಹಾಡೂದು ಅಮಾಸಿಗೆ."

ಎಂಟು ವರ್ಷ ಟೋಪಿ ಮಾಡಿದ ಜುಬೇದಾಳಿಗೆ ಹೊಳೆಯದೆ ಹೋದದ್ದು ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ತಿಳಿಯಿತು. ಹಿಂದಿನ ಸಂಜೆ ಮಾಸ್ತರರು ಮೊದಲ ಸಂಧಿ ಮುಗಿಸಿ, ಊರಿನ ರೂಢಿಯಂತೆ ಎರಡನೆಯದರ ಎರಡು ಸಾಲು ಓದಿ ಎದ್ದಿದ್ದರು. ಓದಿನ ಜೊತೆ ಆ ಎಳೆಯೂ ಹುಡುಗಿಯ ತಲೆಗೆ ಹೋಗಿತ್ತು.

"ಹಂಗಾದ್ರ ಈಗ ಮಂಗಳ ಹಾಡಿಬಿಡವಾ ದಾನಿ," ಎಂದಳು ಜುಬೇದಾ.

ದಾನಮ್ಮ ಬಾಯಿ ತೆರೆದಳು. ಮೊದಲ ಅಕ್ಷರ ಬಂತು, ಎರಡನೆಯದು ಗಂಟಲಲ್ಲೇ ಕುಳಿತಿತು. "ಬರವಲ್ದ್ರಿ. ಇನ್ನಾ ಇಪ್ಪತ್ತೆಂಟು ಸಂಧಿ ಅದಾವು ಅಂತ ಒಳಗ ಯಾರೋ ಬೈತಾರ್ರಿ," ಎಂದು ಮಾಸ್ತರರ ಕಡೆ ನೋಡಿದಳು. ಬೈಯುತ್ತಿದ್ದವರು ಯಾರೆಂದು ಎಲ್ಲರಿಗೂ ತಿಳಿಯಿತು. ಮಾಸ್ತರರು ಕೆಮ್ಮಿದರು.

"ಇನ್ನೊಂದು ಐತ್ರಿ ಸರ," ಎಂದು ಜುಬೇದಾ ದನಿ ಇಳಿಸಿದಳು. "ನಲವತ್ತು ದಿನದ ಮ್ಯಾಲ ದಾರಿ ಎಲ್ಲಿರತೈತ್ಯೋ ಅಲ್ಲೇ ಬೇರು ಬಿಡತೈತಿ. ಅಮಾಸಿಗೆ ಈಕಿ ಮಂಗಳ ಹಾಡಿದ್ರ ಓದು ನಿಮ್ಮದು. ಹಾಡಲಿಲ್ಲ ಅಂದ್ರ, ಮುಂದಿನ ಮಂಗಳ ಬರೂ ವರ್ಷಕ್ಕ, ಅಷ್ಟರಾಗ ಅದು ಕಡೀತನಾ ಈಕಿದು."

---

ಅಂದು ರಾತ್ರಿ ಮಾಸ್ತರರು ಊರಿಗೆ ಮರಳುವ ತನಕ ಮಠದ ಪಡಸಾಲೆಯಲ್ಲಿ ಮಂದಿ ಕಾದು ಕೂತಿತ್ತು. ಪುರಾಣದ ಪದ್ಧತಿ ಹೀಗೆ: ಒಬ್ಬರು ಒಂದು ಪದ್ಯ ಓದಿ ನಿಲ್ಲಿಸುತ್ತಾರೆ, ಪಕ್ಕದಲ್ಲಿ ಕುಳಿತವರು ಅದರ ಅರ್ಥ ಹೇಳುತ್ತಾರೆ, ಕೇಳುವವರು "ಹೂಂ" ಅನ್ನುತ್ತಾರೆ, ಓದು ಮುಂದೆ ಸಾಗುತ್ತದೆ. ಅರ್ಥ ಹೇಳುವವರು ಶಿವಪುತ್ರಪ್ಪ, ಮೊದಲು ಬಸ್ಸಿನ ಕಂಡಕ್ಟರು. ಅವರ ಅರ್ಥ ಬಾಗಲಕೋಟೆಗೆ ಹೊರಟರೆ ಹುಬ್ಬಳ್ಳಿ ಸುತ್ತಿ ಬರುತ್ತಿತ್ತು. ಒಂದು ಪದ್ಯಕ್ಕೆ ಅರ್ಧ ತಾಸು.

ಮಾಸ್ತರರು ಯಾರಿಗೂ ಏನೂ ಹೇಳದೆ ವ್ಯಾಸಪೀಠದ ಮುಂದೆ ಕುಳಿತರು. ಪುಸ್ತಕಕ್ಕೆ ಕೈ ಮುಗಿದು ತೆರೆದರು. ಕರಿಯ ಇರುವೆಗಳು ಸಾಲಾಗಿ ಹೊರಟಂತೆ ಕಂಡವು. ಒಂದು ಇರುವೆಯಾದರೂ ನಿಂತು ತನ್ನ ಹೆಸರು ಹೇಳೀತೆಂದು ಕಾದರು. ಹಣೆಯಲ್ಲಿ ವಿಭೂತಿ ಕರಗಿ ಹುಬ್ಬಿಗೆ ಇಳಿಯಿತು.

"ಮಾಸ್ತರ," ಎಂದರು ಶಿವಪುತ್ರಪ್ಪ ಕಿವಿಯ ಹತ್ತಿರ ಬಗ್ಗಿ, "ಪುಸ್ತಕ ತಲಿಕೆಳಗ ಐತಿ."

ಆಗ ಹೇಳಲೇಬೇಕಾಯಿತು. ಹೇಳಿದರು, ಒಂದನ್ನೂ ಮುಚ್ಚಿಡದೆ. ಮಂದಿ ನಗಲೋ ಅಳಲೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕಂಬದ ಮರೆಯಿಂದ ಯಾರೋ, "ಓದು ಯಾರ ಹಂತ್ಯಾಕ ಐತ್ಯೋ ಅವರು ಓದ್ಲಿ. ಬೇವಿನಜ್ಜಗೇನು, ಕೇಳಿಸಿದ್ರ ಆತು," ಎಂದರು. ಮಠದ ಸ್ವಾಮಿಗಳು ಆಗಲೆಂದು ತಲೆಯಾಡಿಸಿದರು.

ದಾನಮ್ಮ ಬಂದು ಕುಳಿತಳು. ಎರಡು ಜಡೆ, ಮೊಣಕೈಗೆ ಗಾಯದ ಪಟ್ಟಿ. ಪುಸ್ತಕಕ್ಕೆ ಕೈ ಮುಗಿದಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡಳು. ಎರಡು ಸಲ ಕೆಮ್ಮಿ, ಪಕ್ಕದ ಬಿಸಿನೀರಿನ ಲೋಟಕ್ಕೆ ನೋಡದೆಯೇ ಕೈ ಹಾಕಿ, ಒಂದು ಗುಟುಕು ಕುಡಿದು, ಹೆಬ್ಬೆರಳು ನಾಲಗೆಗೆ ತಾಗಿಸಿ ಹಾಳೆ ತಿರುವಿದಳು. ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹಾಲ ಬಾವಿಯ ದಡದೊಳೊರ್ವಳು
ಬಾಲೆ ಬಿಂದಿಗೆ ಹಿಡಿದು ನಿಂತಳು

ಎಂದು ಮಾಸ್ತರರದೇ ರಾಗ, ಮಾಸ್ತರರದೇ ಎಳೆತ, ಸಾಲಿನ ಕೊನೆಗೆ ಮಾಸ್ತರರದೇ ಆ ಮೂಗಿನ ಸಣ್ಣ ಗುಂಯ್‌ಗಾಟ. ಇಡೀ ಪಡಸಾಲೆ ಒಂದೇ ಬಾಯಿಂದ "ಹೂಂ" ಎಂದಿತು.

ಸಂಧಿ ಮುಗಿಯಿತು. ಆ ಸಂಧಿಯ ಕೊನೆಗೆ ಬಾಲೆ ಬಿಂದಿಗೆ ತುಂಬಿ ಮನೆಗೆ ಹೋದಳು, ಮೂರನೆಯ ಸಂಧಿಯ ಮೊದಲ ಎರಡು ಸಾಲಿನಲ್ಲಿ ಆನೆಯೊಂದು ಬಂದು ಅದೇ ಬಾವಿಯ ಬಳಿ ನಿಂತಿತು. ಯಾರೂ ಹೇಳದೆಯೇ ದಾನಮ್ಮ ಆ ಎರಡು ಸಾಲನ್ನೂ ಓದಿ ನಿಲ್ಲಿಸಿದಳು. ಮಂದಿ ಎದ್ದಿತು. ಅವಳೊಬ್ಬಳು ಕೂತೇ ಇದ್ದಳು.

"ಅಜ್ಜಾರ, ನಿನ್ನಿ ನೀವು ಎರಡ ಸಾಲು ಓದಿ ಎದ್ದು ಹೋದ್ರಲ್ರಿ, ಆ ಹುಡಿಗಿ ಇವತ್ತಿನ ತನಾ ಬಿಂದಿಗಿ ಹಿಡಕೊಂಡು ಅಲ್ಲೇ ನಿಂತಿದ್ಲೇನ್ರಿ?" ಎಂದು ಮಾಸ್ತರರನ್ನು ಕೇಳಿದಳು.

"ಅದು ಪುರಾಣ ತಂಗಿ."

"ಪುರಾಣ ಆದ್ರ ಕಾಲು ನೋಯಂಗಿಲ್ಲೇನ್ರಿ? ಇವತ್ತು ಆನಿನ್ನ ನಿಲ್ಲಿಸಿ ಮನಿಗೆ ಹೊಂಟೀವಿ."

ಮೂವತ್ತನಾಲ್ಕು ಶ್ರಾವಣದಲ್ಲಿ ಯಾರೂ ಕೇಳದ ಪ್ರಶ್ನೆ. ಮಾಸ್ತರರ ಕಣ್ಣ ಮುಂದೆ ಯಾಕೋ ಶಾಲೆಯ ಗಂಟೆ ಬಂತು, ಗಂಟೆಯ ಕೆಳಗೆ ನಿಂತಿದ್ದ ಮೌಲಾ ಬಂದ.

---

ಎರವಲು ಓದು ದಾನಮ್ಮನಿಗೆ ಮೊದಲ ವಾರ ಹಬ್ಬದಂತಿತ್ತು, ಎರಡನೆಯ ವಾರ ಬಿಗಿಯಾಯಿತು. ಕಣ್ಣಿಗೆ ಬಿದ್ದದ್ದೆಲ್ಲ ರಾಗವಾಗಿ ಬಾಯಿಗೆ ಬರುತ್ತಿತ್ತು. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕೆಮ್ಮಿನ ಔಷಧದ ಬಾಟಲಿ, ಎಲ್ಲವೂ ಪುರಾಣವೇ. "ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ" ಎಂಬುದನ್ನು ಅವಳು ಓದಿದ ಪರಿಗೆ ಪಕ್ಕದ ಮನೆಯ ಮುದುಕಿ ಎದ್ದು ಕೈ ಮುಗಿದಳಂತೆ. ಪರೀಕ್ಷೆಯಲ್ಲಂತೂ ಪ್ರಶ್ನೆಯೊಂದನ್ನು ಗಟ್ಟಿಯಾಗಿ ಓದಿ, ನಿಲ್ಲಿಸಿ, ಯಾರಾದರೂ ಅರ್ಥ ಹೇಳಲೆಂದು ಕಾದಿದ್ದಳು. ಕಾವಲಿಗಿದ್ದ ಶಿಕ್ಷಕರು ಎರಡು ನಿಮಿಷ ಸುಮ್ಮನಿದ್ದು, ತಡೆಯಲಾರದೆ ಅರ್ಥ ಹೇಳಿದರು. ತರಗತಿಯೆಲ್ಲ "ಹೂಂ" ಎಂದಿತು. ಆ ಸಲ ಇಡೀ ತರಗತಿಯೇ ಪಾಸಾಯಿತು.

ಅವಳ ತಾಯಿ ಬಸಲಿಂಗವ್ವನಿಗೆ ಮಾತ್ರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಸಂಘದಲ್ಲಿ ದುಡಿಯುವ ಹೆಂಗಸು. ಒಂದು ಬೆಳಿಗ್ಗೆ ಹತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಮಾಸ್ತರರ ಮನೆಗೆ ಬಂದಳು.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು. ನೀವು ಓದೂದೆಲ್ಲ ಓದಿ ಮುಗಿಸೀರಿ. ಇನ್ನೇನು ಓದೂದು ಉಳದೈತ್ರಿ ನಿಮಗ? ನನ್ನ ಮಗಳಿಗೆ ಇನ್ನಾ ಹೈಸ್ಕೂಲ ಐತಿ, ಕಾಲೇಜ ಐತಿ. ಮಂಗಳ ಹಾಡಬ್ಯಾಡ ಅಂತ ನೀವ ಹೇಳಿಬಿಡ್ರೆಲ್ಲಾ."

ಮಾಸ್ತರರು ರೊಟ್ಟಿಯನ್ನೂ ಅವಳ ಮುಖವನ್ನೂ ನೋಡಿದರು. ಅವಳು ಹೋದ ಮೇಲೆ ದೇವರ ಕೋಣೆಗೆ ಹೋಗಿ, ದಿನವೂ ಓದುತ್ತಿದ್ದ ಪುಸ್ತಕವನ್ನು ತೆರೆದು, ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ಪುಸ್ತಕ ಬೆಚ್ಚಗಿತ್ತು. ಮಾತಾಡಲಿಲ್ಲ.

ಅಂದು ಮಧ್ಯಾಹ್ನ ದಾನಮ್ಮ ಶಾಲೆ ಬಿಟ್ಟವಳೇ ಬಂದಳು. ಮಾಸ್ತರರು ಪಂಚಾಂಗವನ್ನು ಹಿಂದೆ ಮುಂದೆ ತಿರುವುತ್ತಿದ್ದುದನ್ನು ಕಂಡು, ಸೀದಾ ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ರವೆ ಹರವಿಕೊಂಡು ಬಂದಳು.

"ಕುಂದರ್ರಿ ಅಜ್ಜಾರ. ಜುಬೇದಾ ಮೇಡಂ ನನಗ ಹಿಂಗ ಕಲಿಸಿದ್ರು. ಬಟ್ಟಿಲೆ ಬರೀರಿ, ಬಾಯಿಲೆ ಅನ್ರಿ. ಕಣ್ಣು ಮರತಿದ್ದು ಬಟ್ಟು ನೆನಪಿಡತೈತಿ."

ಮೂವತ್ತಾರು ವರ್ಷ ಕಲಿಸಿದ ಮಾಸ್ತರರು ರವೆಯಲ್ಲಿ ಬೆರಳಿಟ್ಟು "ಅ" ಬರೆದರು. ಮರುದಿನ "ಆ". ಒಮ್ಮೊಮ್ಮೆ ಬರೆದದ್ದು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿರುತ್ತಿತ್ತು. ನಿನ್ನೆ ಬಂದದ್ದು ಇವತ್ತು ಬರುತ್ತಿರಲಿಲ್ಲ. ಆಗ ಅವರು ತಟ್ಟೆಯನ್ನು ತಳ್ಳಿ, "ಸಾಕು, ನನ್ನ ತಲ್ಯಾಗ ಮಣ್ಣು ತುಂಬೈತಿ" ಅನ್ನುತ್ತಿದ್ದರು. ದಾನಮ್ಮ ಬೈಯಲಿಲ್ಲ, ನಿಲ್ಲಿಸಲಿಲ್ಲ, ಕಿವಿ ಹಿಂಡಲಿಲ್ಲ. ತಟ್ಟೆ ಅಲುಗಾಡಿಸಿ ಅಳಿಸಿ, ಮತ್ತೆ ಮುಂದಿಟ್ಟು, "ಹೂಂ" ಅನ್ನುತ್ತಿದ್ದಳು. ಅವಳೇ ಒಂದು ಉಪಾಯ ಹೂಡಿದಳು: ಮಾಸ್ತರರು ಕೂಡಿಸಿ ಕೂಡಿಸಿ ಒಂದು ಸಾಲು ಓದಬೇಕು, ಕೂಡಲೇ ಅವಳು ಅದರ ಅರ್ಥ ಹೇಳಬೇಕು, ಅಷ್ಟರಲ್ಲಿ ಅವರು ದಣಿವಾರಿಸಿಕೊಳ್ಳಬೇಕು. ಪುರಾಣದ ಪದ್ಧತಿಯೇ. ಅರ್ಥ ಹೇಳುವುದರಲ್ಲಿ ಅವಳಿಗೆ ಎರವಲು ಬೇಕಿರಲಿಲ್ಲ. ಆನೆ ಏನು ತಿಂದಿತ್ತು, ಬಾವಿಗೆ ಎಷ್ಟು ಮೆಟ್ಟಿಲು, ಬೇವಿನಜ್ಜನಿಗೆ ಹಲ್ಲು ನೋವು ಬಂದರೆ ಬೇವಿನ ಕಡ್ಡಿ ಸಾಕಾಗುತ್ತಿತ್ತೋ ಇಲ್ಲವೋ, ಎಲ್ಲವೂ ಅವಳ ಅರ್ಥದಲ್ಲಿ ಬರುತ್ತಿತ್ತು. ಶಿವಪುತ್ರಪ್ಪ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, "ಈ ಹುಡಿಗಿ ನನ್ನ ಸೀಟಿನ ಮ್ಯಾಲ ಟವಲ್ ಹಾಕ್ಯಾಳ," ಎಂದು ಗೊಣಗಿಕೊಂಡು ಹೋದರು.

"ನಾಕ ದಿನದಿಂದ ಉಪ್ಪಿಟ್ಟಿನ್ಯಾಗ ಬಟ್ಟಿನ ಗುರುತು ಬರಾಕತ್ತಾವು," ಎಂದರು ನೀಲಮ್ಮ ಒಲೆಯ ಮುಂದಿನಿಂದ. ಅಂದವರೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ನಾಳಿ ಏಕಾದಶಿ" ಎಂದರು.

"ಯಾರು ಹೇಳಿದ್ರು?" ಎಂದರು ಮಾಸ್ತರರು.

"ಯಾರು ಹೇಳಬೇಕು? ಬರದೈತಲ್ಲ ಅಲ್ಲಿ."

ಹದಿನೈದು ದಿನ ಒಗ್ಗರಣೆ ಹಾಕುತ್ತ, ಓರೆಗಣ್ಣಿಂದ ನೋಡುತ್ತ, ಅರವತ್ತರ ನೀಲಮ್ಮ ಗಂಡನಿಗಿಂತ ಆರು ಅಕ್ಷರ ಮುಂದೆ ಹೋಗಿದ್ದರು.

---

ಅಮಾವಾಸ್ಯೆಯ ಹಿಂದಿನ ದಿನ ಜುಬೇದಾ ಇಬ್ಬರನ್ನೂ ಕೇಂದ್ರಕ್ಕೆ ಕರೆಸಿದಳು. ಪರದೆಯ ಮೇಲೆ ದಾನಮ್ಮನ ತಲೆಯೊಳಗಿನ ಎರವಲು ಗೆರೆ ಮೊದಲಿನಂತೆಯೇ ಕುಣಿಯುತ್ತಿತ್ತು. ಆದರೆ ಜುಬೇದಾ ತೋರಿಸಿದ್ದು ಅದನ್ನಲ್ಲ. ಮಾಸ್ತರರ ಸಮ ಗೆರೆಯ ಮೇಲೆ ಹುಲ್ಲಿನ ಮೊಳಕೆಯಂಥ ಸಣ್ಣ ಸಣ್ಣ ತುದಿಗಳು ಎದ್ದಿದ್ದವು.

"ಇದು ಹೊಸಾದ್ರಿ ಸರ. ಸುತ್ತು ದಾರಿ. ಮೆಲ್ಲಕ ನಡೀತೈತಿ, ಆದ್ರ ನಡೀತೈತಿ." ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. "ನಮ್ಮಣ್ಣನ ತಲಿ ನೋಡಿದ್ರ ಹಿಂಗ ಕಾಣತಿತ್ತು ಅನಸತೈತಿ."

ಮಾಸ್ತರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮೌಲಾ ಈಗ ಎಲ್ಲಿ ಅದಾನವಾ?"

"ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಾನ್ರಿ. ಗೋಡಿಗೆ ಗಡಿಯಾರ ಹಾಕಿಲ್ಲ. ಇನ್ನಾ ನೆರಳು ನೋಡೇ ಅಂಗಡಿ ಮುಚ್ಚತಾನ."

"ಅವನ ಮುಂದ ಕುಂತು ಮಾತಾಡೂದೈತಿ ನನಗ. ಬರ್ತೀನಿ ಅಂತ ಹೇಳು."

ಆಮೇಲೆ ದಾನಮ್ಮನ ಕಡೆ ತಿರುಗಿದರು. ಇಡೀ ತಿಂಗಳು ಎದೆಯಲ್ಲಿ ಹೊರಳುತ್ತಿದ್ದ ಮಾತು ಇದು. "ನೋಡವಾ. ನಾಳಿ ಮಂಗಳ ಹಾಡಬೇಕು ಅಂತ ನಿನಗ ಯಾರ ಕಟ್ಟಳೀನೂ ಇಲ್ಲ. ಇಟಗೋ ಅನಸಿದ್ರ ಇಟಗೋ. ನನಗ ರವಾ ತಟ್ಟಿ ಐತಿ."

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಟೋಪಿಯ ಅಂಚನ್ನು ಹಿಂಡುತ್ತಿತ್ತು.

---

ಅಮಾವಾಸ್ಯೆಯ ಸಂಜೆ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುರಾಣಕ್ಕೆ ಎಂದೂ ಬಾರದವರೂ ಬಂದಿದ್ದರು. ಅರ್ಧ ಮಂದಿ ಮಾಸ್ತರರ ಕಡೆ, ಅರ್ಧ ಮಂದಿ ಬಸಲಿಂಗವ್ವನ ಕಡೆ. ಜುಬೇದಾ ಎರಡು ಟೋಪಿ, ಒಂದು ಸಣ್ಣ ಪರದೆ ತಂದು ಕಂಬದ ಬುಡಕ್ಕೆ ಕುಳಿತಿದ್ದಳು. ಟೋಪಿ ಹಾಕಿಕೊಂಡು, ಮೇಲೆ ಪೇಟ ಸುತ್ತಿದ ಮಾಸ್ತರರು ಮದುವೆಯ ಬೀಗರಂತೆ ಕಾಣುತ್ತಿದ್ದರು.

ಕೊನೆಯ ಸಂಧಿ ಮುಗಿಯಿತು. ಬೇವಿನಜ್ಜ ಮರದ ಕೆಳಗೆ ನಿಂತು ಊರವರನ್ನು ಹರಸಿದ. ಆನೆ ನಿಂತು ಸೊಂಡಿಲೆತ್ತಿತು. ಬಾಲೆ ಹಾಲಿನ ಬಿಂದಿಗೆ ಹೊತ್ತು ನಿಂತಳು. ಶಿವಪುತ್ರಪ್ಪ ಅರ್ಥ ಹೇಳಿದರು. ಇನ್ನು ಮಂಗಳ.

ದಾನಮ್ಮ ಪುಸ್ತಕದ ಮೇಲಿಂದ ಕಣ್ಣೆತ್ತಿದಳು. ಅವಳು ತಾಯಿಯನ್ನು ನೋಡಿದಳು. ಬಸಲಿಂಗವ್ವ ಬೇಡ ಎಂದು ತಲೆಯಲ್ಲಾಡಿಸಿದಳು. ಮಾಸ್ತರರನ್ನು ನೋಡಿದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಅಜ್ಜಾರ."

"ಹೂಂ."

"ನಿಮ್ಮ ಓದು ಚಲೋ ಐತ್ರಿ. ಆದ್ರ ಭಾಳ ಅವಸರ ಮಾಡತೈತಿ. ನಡುವ ನಿಂತು ಏನರೇ ಕೇಳೂಣು ಅಂದ್ರ ಬಿಡೂದಿಲ್ಲ, ಎಳಕೊಂಡು ಹೋಗತೈತಿ. ಒಂದು ನಗಿಚಟಾಕಿ ಓದಿದ್ರೂ ಪುರಾಣ ಆಗತೈತಿ, ನಗೂನ ಬರೂದಿಲ್ಲ." ಅವಳು ಬಿಸಿನೀರು ಒಂದು ಗುಟುಕು ಕುಡಿದಳು. "ಹಂಗಂದ್ರೂ ಇಟಗೊಂತಿದ್ನಿ ಅನ್ರಿ. ಆದ್ರ ಮಂಗಳ ಹಾಡದಿದ್ರ ಇವರೆಲ್ಲಾರೂ ಹಂಗ ನಿಂತ ಇರ್ತಾರಲ್ರಿ. ಅಜ್ಜ, ಆ ಹುಡಿಗಿ, ಆನಿ ಸುದ್ದಾ. ಎಷ್ಟು ವರ್ಷಂತ ನಿಲ್ಲಸೂದ್ರಿ?"

ಮತ್ತೆ ಯಾರನ್ನೂ ಕೇಳದೆ ಮಂಗಳ ಎತ್ತಿದಳು. ಎರಡನೆಯ ನುಡಿಗೆ ಮಂದಿಯೂ ದನಿಗೂಡಿಸಿತು. ಬಸಲಿಂಗವ್ವ ಅಳುತ್ತಲೇ ಚಪ್ಪಾಳೆ ತಟ್ಟಿದಳು. ಪರದೆಯ ಮೇಲೆ ಗೆರೆ ಒಮ್ಮೆ ಎತ್ತರಕ್ಕೆ ಎದ್ದು, ಮೆಲ್ಲಗೆ ಇಳಿದು, ಒಂದು ಉಸಿರು ಆಡುವಷ್ಟು ಹೊತ್ತು ಸಮವಾಯಿತು. ಜುಬೇದಾ ಗುಂಡಿ ಒತ್ತಿದಳು.

ಮಾಸ್ತರರು ಕಣ್ಣು ತೆರೆದರು. ಎದುರಿನ ಕಂಬದ ಮೇಲೆ "ಪಾದರಕ್ಷೆ ಹೊರಗೆ ಬಿಡಿರಿ" ಎಂದು ಬರೆದದ್ದು ಕಂಡಿತು. ತಿಂಗಳ ಮೇಲೆ ಊರಿಗೆ ಬಂದವನು ಮನೆಯ ಬಾಗಿಲು ತೆರೆದಿದ್ದುದನ್ನು ಕಂಡಂತೆ ಆ ಮೂರು ಶಬ್ದಗಳನ್ನು ಅವರು ನೋಡಿದರು. ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಶಿವಪುತ್ರಪ್ಪನ ಕಡೆ ತಿರುಗಿ, ತಮಗೇ ತಿಳಿಯದಂತೆ, "ಅಲ್ಲೋ, ಮಳಿ ಬಂದ್ರ ಆ ಪಾದರಕ್ಷಿ ತೊಯ್ಯಂಗಿಲ್ಲೇನು?" ಎಂದು ಕೇಳಿದರು.

ಶಿವಪುತ್ರಪ್ಪ ಜುಬೇದಾಳ ಮುಖ ನೋಡಿದರು.

"ಹೋಗಿ ಬರೂವಾಗ ದಾರಿಗೆ ಸ್ವಲ್ಪ ಮಣ್ಣು ಮೆತ್ತಿಕೊಂಡಿರತೈತ್ರಿ," ಅಂದಳು ಅವಳು. "ಅದು ಹೋಗೂದಿಲ್ಲ."

ಅದು ಹೋಗಲಿಲ್ಲ. ಆ ದಿನದಿಂದ ಮಾಸ್ತರರು ಓದುವಾಗ ನಡುನಡುವೆ ನಿಂತು ಪ್ರಶ್ನೆ ಕೇಳತೊಡಗಿದರು. ಅರ್ಥ ಹೇಳುವ ಶಿವಪುತ್ರಪ್ಪ ಹಿಂದಿನ ದಿನವೇ ಮನೆಯಲ್ಲಿ ಕುಳಿತು ಓದಿಕೊಂಡು ಬರಬೇಕಾಯಿತು.

---

ಭಾದ್ರಪದದ ಒಂದು ಮುಂಜಾನೆ. ಮಾಸ್ತರರ ಮನೆಯ ಕಟ್ಟೆಯ ಮೇಲೆ ದಾನಮ್ಮ ಪಾಠದ ಪುಸ್ತಕ ಹಿಡಿದು ಕುಳಿತಿದ್ದಳು. ಎರವಲು ಓದು ಹೋಗಿತ್ತು. ಅಕ್ಷರಗಳು ಮತ್ತೆ ಮೊದಲಿನಂತೆ ಒಂದರ ಹಿಂದೆ ಒಂದು ಅಡಗುತ್ತಿದ್ದವು. ಉಳಿದದ್ದು ಮೂರು: ಪುಸ್ತಕಕ್ಕೆ ಕೈ ಮುಗಿಯುವುದು, ಹೆಬ್ಬೆರಳು ನಾಲಗೆಗೆ ತಾಗಿಸುವುದು, ಮತ್ತೆ ನೆಟ್ಟನೆಯ ದಾರಿಯಲ್ಲಿ ಒಂದು ತಿಂಗಳು ನಡೆದ ನೆನಪು. ಆ ನೆನಪನ್ನು ಹಿಡಿದುಕೊಂಡು ಅವಳು ತನ್ನ ಸುತ್ತು ದಾರಿಯಲ್ಲಿ ಹೊರಟಿದ್ದಳು.

"ರೈ... ರೈತ... ರೈತನು," ಎಂದಳು. ಬೆರಳಿಂದ ತೊಡೆಯ ಮೇಲೆ ಬರೆದುಕೊಂಡಳು.

"ಹೂಂ," ಎಂದರು ಮಾಸ್ತರರು.

"ಬಾ... ಬಾವಿ... ಬಾವಿಯ."

ಒಳಗೆ ಹಾಲು ಉಕ್ಕಿತು. "ಏನ್ರೀ, ಒಲಿ ನೋಡ್ರಿ, ನಾನು ಪೇಪರ್ ಓದಾಕತ್ತೀನಿ," ಎಂದು ನೀಲಮ್ಮ ಪಡಸಾಲೆಯಿಂದ ಕೂಗಿದರು. ಮಾಸ್ತರರು ಏಳಲಿಲ್ಲ. ಹಾಲು ಉಕ್ಕಿ, ಒಲೆಯ ಮೇಲೆ ಸುರಿದು, ಸೀದ ವಾಸನೆ ಕಟ್ಟೆಯವರೆಗೂ ಬಂತು. ಅವರು ಕುಳಿತೇ ಇದ್ದರು.

"ಬಳಿ... ನಿಂ... ನಿಂತನು."

ಒಂದು ಸಾಲಿಗೆ ಏಳು ನಿಮಿಷವಾಗಿತ್ತು. ಹುಡುಗಿಯ ಮೂಗಿನ ಮೇಲೆ ಬೆವರು ಮೂಡಿತ್ತು. ಅವಳು ಸೆರಗಿಲ್ಲದ ಹೆಗಲಿಗೆ ಮುಖ ಒರೆಸಿಕೊಂಡು, ಪುಸ್ತಕವನ್ನು ಇನ್ನೊಮ್ಮೆ ನೋಡಿ, ಒಂದು ಚೂರೂ ತಡವರಿಸದೆ ಓದಿದಳು:

"ಆಮ್ಯಾಲ ಕುಂತ."

ಪುಸ್ತಕ ಮುಚ್ಚಿ ಕೈ ಮುಗಿದಳು.

ಮಾಸ್ತರರಿಗೆ ಆ ಪಾಠ ಬಾಯಿಪಾಠ. ಮೂವತ್ತಾರು ವರ್ಷ ಕಲಿಸಿದ್ದರು. ಅದರಲ್ಲಿ ಅಂಥ ಸಾಲು ಇರಲಿಲ್ಲ. ರೈತ ಆ ಪುಟ ಮುಗಿಯುವವರೆಗೂ ಬಾವಿಯ ಬಳಿ ನಿಂತೇ ಇರುತ್ತಿದ್ದ. ಇಷ್ಟು ವರ್ಷ ನಿಂತೇ ಇದ್ದ.

"ಹೂಂ," ಎಂದರು ಮಾಸ್ತರರು. ಎಂದವರೇ ಒಲೆಯ ಕಡೆ ಎದ್ದರು.